ಅಪ್ಪ ಅಮ್ಮನಿಗೆ ಅಮೆರಿಕದ ವಿಸಿಟರ್ ವೀಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಮಗನೋ ಮಗಳೋ ಊರಿನಲ್ಲಿರುವ ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಹೊರಟಾಗ ಕೇಳುವ ಪ್ರಶ್ನೆಗಳು ಇವು. ನಾನು ನಮ್ಮ ಅಪ್ಪ ಅಮ್ಮನಿಗೆ ಎರಡು ಸಲ ಅರ್ಜಿ ಹಾಕಿಸಿದೆ. ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ಆಮೇಲೆ ಎಷ್ಟೋ ಗೆಳೆಯರ ಮನೆಯವರ ಜೊತೆ ಕೂತು ಫಾರಂ ತುಂಬಿಸಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಅವರಿಗೆ ಬೇಕಾಗಿರುವುದು ಯಾವ ವೀಸಾ?

ಬಿ-2. ಪ್ರವಾಸಕ್ಕೆ, ನೆಂಟರಿಷ್ಟರನ್ನು ನೋಡಲು ಕೊಡುವ ವೀಸಾ ಇದು. ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಬಿ-1/ಬಿ-2 ಅಂತ ಜೊತೆಯಾಗಿ ಅಚ್ಚಾಗುತ್ತದೆ. ಭಾರತದವರಿಗೆ ಹೆಚ್ಚಾಗಿ 10 ವರ್ಷದ ಅವಧಿಗೆ ಕೊಡುತ್ತಾರೆ. ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. 10 ವರ್ಷದ ವೀಸಾ ಅಂದರೆ 10 ವರ್ಷ ಅಲ್ಲೇ ಇರಬಹುದು ಅಂತಲ್ಲ. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ನಾನು ಅವರನ್ನು ಸ್ಪಾನ್ಸರ್ ಮಾಡಬೇಕಲ್ಲ, ಏನೇನು ಕಳಿಸಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬಿ-2ಗೆ ಸ್ಪಾನ್ಸರ್ ಅನ್ನುವ ಪದ್ಧತಿಯೇ ಇಲ್ಲ. ಆಹ್ವಾನ ಪತ್ರವಾಗಲಿ, ಐ-134 ಅನ್ನುವ ಖರ್ಚಿನ ಹೊಣೆ ಪತ್ರವಾಗಲಿ ಕಡ್ಡಾಯವಲ್ಲ ಅಂತ ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ನಿಮ್ಮ ಸಂಬಳ, ನಿಮ್ಮ ಕಂಪನಿ, ನಿಮ್ಮ ಮನೆ, ಇವೆಲ್ಲ ನಿಮ್ಮ ವಿಷಯ. ವೀಸಾ ಅಧಿಕಾರಿ ನೋಡುವುದು ಅಪ್ಪ ಅಮ್ಮನ ಬದುಕನ್ನು.

ಯಾಕೆ ಅಂದರೆ ಕಾನೂನು ಹಾಗಿದೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಸೆಕ್ಷನ್ ಪ್ರಕಾರ, ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಅಂತಲೇ ಅಧಿಕಾರಿ ಮೊದಲು ಅಂದುಕೊಳ್ಳಬೇಕು. ಹಾಗಲ್ಲ, ವಾಪಸ್ ಬರುತ್ತೇವೆ ಅಂತ ತೋರಿಸಿಕೊಡುವ ಹೊಣೆ ಅರ್ಜಿದಾರರದ್ದು. ಹಾಗಾಗಿ ನೀವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ ಅಂತ ತೋರಿಸಿ ಪ್ರಯೋಜನ ಕಡಿಮೆ. ಊರಲ್ಲಿ ಅವರನ್ನು ಏನು ಕಾಯುತ್ತಿದೆ ಅನ್ನುವುದು ಮುಖ್ಯ. ತೋಟ, ಅಂಗಡಿ, ಕೆಲಸ, ಪಿಂಚಣಿ, ಜೊತೆಗಿರುವ ಅಜ್ಜಿ, ಊರಲ್ಲೇ ಇರುವ ಇನ್ನೊಬ್ಬ ಮಗ, ಇವೇ ಅವರನ್ನು ವಾಪಸ್ ಕರೆತರುವ ಹಗ್ಗ.

ಫೀ ಎಷ್ಟು?

ಒಬ್ಬರಿಗೆ 185 ಡಾಲರ್. 2023ರ ಜೂನ್ 17ರಿಂದ ಈ ದರ ಇದೆ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಬರುವುದಿಲ್ಲ. ಕಟ್ಟಿದ ರಸೀದಿ ಒಂದು ವರ್ಷ ನಡೆಯುತ್ತದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ, ವೀಸಾ ಮಂಜೂರಾದವರಿಂದ ಕನಿಷ್ಠ 250 ಡಾಲರ್‌ನ ಇನ್ನೊಂದು ಫೀ ತೆಗೆದುಕೊಳ್ಳಲು ಅವಕಾಶವಿದೆ. ಅರ್ಜಿ ಹಾಕುವ ದಿನ ಅಧಿಕೃತ ಜಾಲತಾಣದಲ್ಲಿ ದರ ನೋಡಿಯೇ ಮುಂದುವರಿಯಿರಿ.

ಆನ್‌ಲೈನ್‌ನಲ್ಲಿ ತುಂಬುವ ವೀಸಾ ಅರ್ಜಿ, ಅಂದರೆ ಡಿಎಸ್-160 ಫಾರಂ, ನಾನೇ ತುಂಬಿಬಿಡಲಾ? ಅವರಿಗೆ ಇಂಗ್ಲಿಷ್ ಬರುವುದಿಲ್ಲ.

ಟೈಪ್ ಮಾಡುವುದು ನೀವೇ ಆಗಿರಲಿ. ಆದರೆ ಅವರು ಪಕ್ಕದಲ್ಲಿ ಅಥವಾ ವಿಡಿಯೋ ಕಾಲ್‌ನಲ್ಲಿ ಇಲ್ಲದೆ ಒಂದು ಸಾಲನ್ನೂ ತುಂಬಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಮೊದಲ ಸಲ ನಾನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಇಬ್ಬರ ಫಾರಂ ಮುಗಿಸಿದ್ದೆ. ಎಷ್ಟು ದಿನ ಇರುತ್ತೀರಿ ಅನ್ನುವಲ್ಲಿ ಆರು ತಿಂಗಳು ಅಂತ ಹಾಕಿದೆ. ಅಷ್ಟು ದಿನ ಇರಲಿ ಅನ್ನುವುದು ನನ್ನ ಆಸೆ. ಸಂದರ್ಶನದ ದಿನ ಅಧಿಕಾರಿಯ ಕಿಟಕಿಯ ಮುಂದೆ ನಿಂತ ಅಪ್ಪ ಹೇಳಿದ್ದು, "ಎರಡು ತಿಂಗಳು ಸಾಕು, ಮಳೆ ಹಿಡಿಯೋಕೆ ಮುಂಚೆ ವಾಪಸ್ ಬಂದು ಅಡಿಕೆ ತೋಟಕ್ಕೆ ಔಷಧಿ ಹೊಡೆಸಬೇಕು." ಅಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಅವರು ವಾಪಸ್ ಬರುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ಆದರೆ ಅಧಿಕಾರಿಯ ಪರದೆಯ ಮೇಲೆ ನಾನು ಬರೆದ ಆರು ತಿಂಗಳು ಇತ್ತು. ಮಾತಿಗೂ ಕಾಗದಕ್ಕೂ ಹೊಂದಲಿಲ್ಲ. ಇಬ್ಬರ ಪಾಸ್‌ಪೋರ್ಟೂ ಅಲ್ಲೇ ವಾಪಸ್ ಬಂತು. ಎರಡನೇ ಸಲ ಅಪ್ಪ ಹೇಳಿದ್ದನ್ನೇ ಬರೆದೆ: ಎಂಟು ವಾರ.

ಫಾರಂನಲ್ಲಿ ಕೈ ತಡೆಯುವ ಜಾಗಗಳು ಇವು.

ಹೆಸರು. ನಮ್ಮ ಕಡೆಯ ಎಷ್ಟೋ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. "ಲಕ್ಷ್ಮಮ್ಮ" ಅಂತ ಒಂದೇ ಹೆಸರು. ಆಗ ಆ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಹಾಕಿ, ಗಿವನ್ ನೇಮ್ ಕಾಲಂನಲ್ಲಿ ಎಫ್‌ಎನ್‌ಯು (FNU) ಅಂತ ಮೂರು ಇಂಗ್ಲಿಷ್ ಅಕ್ಷರ ಬರೆಯಬೇಕು. ಮೊದಲ ಹೆಸರು ತಿಳಿದಿಲ್ಲ ಅಂತ ಅದರ ಅರ್ಥ. ವೀಸಾ ಮೇಲೂ ಹಾಗೇ ಅಚ್ಚಾಗುತ್ತದೆ, ಗಾಬರಿಯಾಗಬೇಡಿ. ನೀವಾಗಿ ಗಂಡನ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಲು ಹೋಗಬೇಡಿ. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ.

ಅದೇ ಪುಟದಲ್ಲಿ ಅವರ ಹೆಸರನ್ನು ಅವರ ಭಾಷೆಯ ಲಿಪಿಯಲ್ಲಿ ಬರೆಯಿರಿ ಅಂತಲೂ ಕೇಳುತ್ತದೆ. ಅಲ್ಲಿ ಕನ್ನಡದಲ್ಲೇ ಬರೆಯಬಹುದು. ಆ ಇಂಗ್ಲಿಷ್ ಫಾರಂ ಮಧ್ಯೆ ತನ್ನ ಹೆಸರು ಕನ್ನಡದಲ್ಲಿ ಮೂಡಿದ್ದನ್ನು ನೋಡಿ ನಮ್ಮಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದರು.

ಹುಟ್ಟಿದ ದಿನಾಂಕ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು ಒಂದು, ಜಾತಕದಲ್ಲಿ ಇನ್ನೊಂದು ಇರುತ್ತದೆ ಅಲ್ವಾ? ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಹಾಕಿ. ಅದನ್ನು ಅಪ್ಪ ಅಮ್ಮನಿಗೂ ನೆನಪಿನಲ್ಲಿಟ್ಟುಕೊಳ್ಳಲು ಹೇಳಿ.

ಯಾರಾದರೂ ನಿಮ್ಮ ಪರವಾಗಿ ಇಮಿಗ್ರಂಟ್ ಪಿಟಿಷನ್ ಹಾಕಿದ್ದಾರಾ? ನೀವು ಸಿಟಿಜನ್ ಆಗಿ ಅವರ ಗ್ರೀನ್ ಕಾರ್ಡ್‌ಗೆ ಐ-130 ಅರ್ಜಿ ಹಾಕಿದ್ದರೆ ಇಲ್ಲಿ ಹೌದು ಅನ್ನಲೇಬೇಕು. ಹಿಂದೆ ವೀಸಾ ನಿರಾಕರಣೆ ಆಗಿದ್ದರೆ ಅದನ್ನೂ ಬರೆಯಬೇಕು. ಇವೆಲ್ಲ ಅವರ ಕಂಪ್ಯೂಟರ್‌ನಲ್ಲಿ ಇರುತ್ತವೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮತ್ತೆಂದೂ ಅಮೆರಿಕಕ್ಕೆ ಕಾಲಿಡದಂತೆ ತಡೆ ಬೀಳಬಹುದು.

ಫಾರಂ ತುಂಬಲು ಯಾರಾದರೂ ನೆರವಾದರಾ? ನೀವು ನೆರವಾಗಿದ್ದರೆ ಹೌದು ಅಂತ ಹಾಕಿ ನಿಮ್ಮ ಹೆಸರು ಬರೆಯಿರಿ. ಅದು ತಪ್ಪೇನಲ್ಲ. ಆದರೆ ಕೊನೆಯಲ್ಲಿ ಸಹಿ ಮಾಡಿ ಸಲ್ಲಿಸುವ ಗುಂಡಿಯನ್ನು ಅವರೇ ಒತ್ತಬೇಕು. ಆ ಗುಂಡಿಯೇ ಅವರ ಸಹಿ.

ಇನ್ನೊಂದು ಸಣ್ಣ ವಿಷಯ. 20 ನಿಮಿಷ ಸುಮ್ನೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ. ಶುರುವಿನಲ್ಲೇ ಬರುವ ಅಪ್ಲಿಕೇಷನ್ ಐಡಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಫೋಟೋ ಹೇಗಿರಬೇಕು?

2 ಇಂಚಿಗೆ 2 ಇಂಚು, ಬಿಳಿ ಹಿನ್ನೆಲೆ, ಆರು ತಿಂಗಳೊಳಗೆ ತೆಗೆಸಿದ್ದು. ಕನ್ನಡಕ ತೆಗೆಯಲೇಬೇಕು. 2016ರ ನವೆಂಬರ್‌ನಿಂದ ಆ ನಿಯಮ ಇದೆ.

ಏಜೆಂಟ್ ಹತ್ತಿರ ಕೊಟ್ಟರೆ ಒಳ್ಳೆಯದಲ್ವಾ?

ಏಜೆಂಟ್ ಮಾಡುವುದು ನೀವು ಮಾಡುವ ಕೆಲಸವನ್ನೇ. ಒಳಗೆ ಅವರಿಗೆ ಬೇರೆ ಬಾಗಿಲು ಇರುವುದಿಲ್ಲ. ನನ್ನ ಗೆಳೆಯನ ಅಮ್ಮನ ಫಾರಂ ಅನ್ನು ಒಬ್ಬ ಏಜೆಂಟ್ ತುಂಬಿದ್ದರು. ಆ ಅಮ್ಮ 30 ವರ್ಷ ಹೊಲಿಗೆ ಅಂಗಡಿ ನಡೆಸಿದ ಹೆಂಗಸು. ಏಜೆಂಟ್ ಉದ್ಯೋಗದ ಕಾಲಂನಲ್ಲಿ ಗೃಹಿಣಿ ಅಂತ ಬರೆದುಬಿಟ್ಟಿದ್ದರು. ಊರಿಗೆ ಕಟ್ಟಿಹಾಕುವ ಅತಿ ದೊಡ್ಡ ಗಂಟೇ ಬಿಟ್ಟುಹೋಗಿತ್ತು. ಸಂದರ್ಶನಕ್ಕೆ ಒಂದು ವಾರ ಇರುವಾಗ ಗೊತ್ತಾಗಿ ಹೊಸ ಫಾರಂ ತುಂಬಿದೆವು. ಏಜೆಂಟ್ ಹತ್ತಿರ ಹೋಗಲೇಬೇಕಾದರೆ ಸಲ್ಲಿಸುವ ಮುಂಚೆ ಪ್ರತಿ ಪುಟ ಓದಿ ಹೇಳಿಸಿಕೊಳ್ಳಿ. ಡಿಎಸ್-160 ತುಂಬುವ ಅಸಲಿ ಜಾಲತಾಣದ ವಿಳಾಸದಲ್ಲಿ ಡಾಟ್ ಗವ್ ಇರುತ್ತದೆ. ಫಾರಂ ತುಂಬುವುದಕ್ಕೇ ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಸಂದರ್ಶನ ಬೆಂಗಳೂರಿನಲ್ಲೇ ಆಗುತ್ತಾ?

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ನಮ್ಮವರು ಹೆಚ್ಚಾಗಿ ಹೋಗುವುದು ಚೆನ್ನೈ ಅಥವಾ ಹೈದರಾಬಾದಿಗೆ. ಮುಂಬೈ, ದೆಹಲಿ, ಕೋಲ್ಕತ್ತಾದಲ್ಲೂ ಸಂದರ್ಶನ ನಡೆಯುತ್ತದೆ. ಎರಡು ಅಪಾಯಿಂಟ್‌ಮೆಂಟ್ ಬೇಕು. ಬೆರಳಚ್ಚು ಮತ್ತು ಫೋಟೋಗೆ ಒಂದು, ಸಂದರ್ಶನಕ್ಕೆ ಇನ್ನೊಂದು. ಬೆರಳಚ್ಚು ಮೊದಲು ಮುಗಿದಿರಬೇಕು. ವಯಸ್ಸಾದವರನ್ನು ಎರಡೆರಡು ಸಲ ಓಡಾಡಿಸಬೇಡಿ, ಒಂದೇ ಊರಿನಲ್ಲಿ ಹಿಂದುಮುಂದಿನ ದಿನ ಸಿಕ್ಕರೆ ಹಿಡಿದುಕೊಳ್ಳಿ.

ದಿನಾಂಕಕ್ಕೆ ಎಷ್ಟೋ ತಿಂಗಳು ಕಾಯಬೇಕಾಗುತ್ತದೆ. ಹೆರಿಗೆ, ಮದುವೆ, ಗೃಹಪ್ರವೇಶ ಏನೇ ಇರಲಿ, ಆದಷ್ಟು ಮುಂಚೆ ಶುರು ಮಾಡಿ. 2025ರ ಜನವರಿ 1ರಿಂದ ಭಾರತದಲ್ಲಿ ದಿನಾಂಕವನ್ನು ಒಂದು ಸಲ ಮಾತ್ರ ಪುಕ್ಕಟೆಯಾಗಿ ಬದಲಾಯಿಸಬಹುದು. ಅದಾದ ಮೇಲೆ ಮತ್ತೆ ಫೀ ಕಟ್ಟಬೇಕು. ಫಾರಂ ಹೊಸದಾಗಿ ತುಂಬಿದರೆ ಅದರ ನಂಬರನ್ನು ಅಪಾಯಿಂಟ್‌ಮೆಂಟ್‌ನಲ್ಲೂ ಬದಲಿಸುವುದು ಮರೆಯಬೇಡಿ. ಎರಡೂ ಒಂದೇ ಇರಬೇಕು.

ಯಾವ ಯಾವ ದಾಖಲೆ ಒಯ್ಯಬೇಕು?

ಬೇಕೇ ಬೇಕಾದದ್ದು ಪಾಸ್‌ಪೋರ್ಟ್, ಹಳೆಯದಿದ್ದರೆ ಅದೂ, ಡಿಎಸ್-160ರ ಬಾರ್‌ಕೋಡ್ ಇರುವ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಒಂದು ಫೋಟೋ. ಇದರ ಜೊತೆ ಅವರ ಬದುಕು ತೋರಿಸುವ ನಾಲ್ಕಾರು ಕಾಗದ: ಪಹಣಿ, ಪಿಂಚಣಿ ಪತ್ರ, ಬ್ಯಾಂಕ್ ಪಾಸ್‌ಬುಕ್, ಐಟಿ ರಿಟರ್ನ್, ಕೆಲಸದಲ್ಲಿದ್ದರೆ ರಜೆ ಮಂಜೂರಾದ ಪತ್ರ. ನಿಮ್ಮ ವೀಸಾ ಅಥವಾ ಗ್ರೀನ್ ಕಾರ್ಡ್ ನಕಲು ಒಂದು ಇರಲಿ.

ಅಧಿಕಾರಿ ಒಂದು ಕಾಗದವನ್ನೂ ಕೇಳದೆ ಇರಬಹುದು. ನಮ್ಮಪ್ಪ ಎರಡು ಸಲವೂ ದಪ್ಪ ಫೈಲ್ ಹೊತ್ತುಕೊಂಡು ಹೋದರು, ಎರಡು ಸಲವೂ ಅದನ್ನು ಬಿಚ್ಚಲಿಲ್ಲ. ಆಸ್ತಿ ಮೌಲ್ಯಮಾಪನ ವರದಿ ಅಂತ ಸಾವಿರಗಟ್ಟಲೆ ಖರ್ಚು ಮಾಡಿಸುವವರು ಇದ್ದಾರೆ. ನನ್ನ ಪ್ರಕಾರ ಅದು ದಂಡ.

ಸಂದರ್ಶನ ಹೇಗಿರುತ್ತದೆ? ನಾನೂ ಒಳಗೆ ಹೋಗಬಹುದಾ?

ಹೋಗುವಂತಿಲ್ಲ. ಅಪಾಯಿಂಟ್‌ಮೆಂಟ್ ಇದ್ದವರಿಗೆ ಮಾತ್ರ ಪ್ರವೇಶ. ಫೋನ್, ಸ್ಮಾರ್ಟ್ ವಾಚ್ ಒಳಗೆ ಬಿಡುವುದಿಲ್ಲ. ಹೊರಗೆ ಅವುಗಳನ್ನು ಹಿಡಿದುಕೊಂಡು ಕಾಯಲು ಮನೆಯವರು ಯಾರಾದರೂ ಇರಲಿ. ನಿಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನ ಜೇಬಿನಲ್ಲಿ ಇಡಿ.

ಇಂಗ್ಲಿಷ್ ಬರಲೇಬೇಕು ಅಂತ ನಿಯಮ ಇಲ್ಲ. ಕನ್ನಡದಲ್ಲಿ ಮಾತಾಡುತ್ತೇನೆ, ಅನುವಾದ ಮಾಡುವವರು ಬೇಕು ಅಂತ ಕೇಳಬಹುದು. ಅರೆಬರೆ ಇಂಗ್ಲಿಷ್‌ನಲ್ಲಿ ತಡವರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಗಾಜಿನ ಕಿಟಕಿ, ಆಚೆ ಅಧಿಕಾರಿ, ಈಚೆ ಇವರಿಬ್ಬರು ನಿಂತಿರುತ್ತಾರೆ. ಮಾತು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಎರಡನೇ ಸಲ ನಮ್ಮ ಮನೆಯವರಿಗೆ ಆದದ್ದು ಹೀಗೆ.

"ಯಾಕೆ ಹೋಗ್ತಿದ್ದೀರಿ?"
"ಮಗನ ಮನೆಗೆ. ಮೊಮ್ಮಗಳನ್ನ ಇನ್ನೂ ನೋಡಿಲ್ಲ."
"ಎಷ್ಟು ದಿನ?"
"ಎಂಟು ವಾರ. ಮಳೆಗಾಲಕ್ಕೆ ಮುಂಚೆ ಬರಬೇಕು, ತೋಟ ಇದೆ."
"ಎಷ್ಟು ಎಕರೆ? ಏನು ಬೆಳೀತೀರಿ?"
ಅಪ್ಪ ಅಡಿಕೆಯ ಬಗ್ಗೆ ಹೇಳಿದರು. ನಡುವೆ ಏಲಕ್ಕಿ, ಮೆಣಸು ಇದೆ ಅಂದರು.
"ಇನ್ನೆಷ್ಟು ಮಕ್ಕಳು?"
"ಒಬ್ಬಳು ಮಗಳು. ಶಿರಸಿಯಲ್ಲೇ ಇದ್ದಾಳೆ."

ಅಷ್ಟೇ. ವೀಸಾ ಆಯಿತು. ಉತ್ತರ ಬಾಯಿಪಾಠ ಮಾಡಿಸಬೇಡಿ. ಬದಲಿಗೆ ನಿಮ್ಮ ಬದುಕಿನ ಕೆಲವು ವಿವರಗಳು ಅವರಿಗೆ ಗೊತ್ತಿರಲಿ: ಯಾವ ಊರು, ಏನು ಕೆಲಸ, ನಿಮ್ಮ ವೀಸಾ ಯಾವುದು, ಟಿಕೆಟ್ ಖರ್ಚು ಯಾರದ್ದು. ಮಗ ಏನು ಮಾಡುತ್ತಾನೆ ಅಂದಾಗ "ಕಂಪ್ಯೂಟರ್" ಅಂತ ನಿಲ್ಲಿಸುವ ಅಮ್ಮಂದಿರೇ ಜಾಸ್ತಿ. ಒಂದು ಸಂಜೆ ಫೋನಿನಲ್ಲಿ ಕೂತು ನಿಮ್ಮ ಕೆಲಸ ಏನು ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಿ. ವೀಸಾ ಬಿಡಿ, ಅದನ್ನು ಅವರು ಕೇಳಬೇಕು ಅಂತ ಎಷ್ಟು ವರ್ಷದಿಂದ ಕಾದಿರುತ್ತಾರೋ.

ಮಗಳ ಬಾಣಂತನಕ್ಕೆ ಅಂತ ಹೇಳಬಹುದಾ?

ನಿಜವನ್ನೇ ಹೇಳಬೇಕು. ಹೆರಿಗೆಯ ಹೊತ್ತಿಗೆ ಮಗಳ ಜೊತೆ ಇರುವುದು, ಮೊಮ್ಮಗುವನ್ನು ನೋಡುವುದು ಬಿ-2ಗೆ ಸರಿಯಾದ ಕಾರಣವೇ. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ ಅನ್ನುವುದು ಅಧಿಕಾರಿಯ ತಲೆಯಲ್ಲಿ ಇರುತ್ತದೆ. ಮಗುವನ್ನು ನೋಡಿಕೊಳ್ಳಲು ಆಯಾ ಸಿಗುತ್ತಿಲ್ಲ, ಅದಕ್ಕೆ ಅಮ್ಮನನ್ನು ಕರೆಸುತ್ತಿದ್ದಾರೆ ಅಂತ ಅನ್ನಿಸಿದರೆ ತೊಂದರೆ. ನಿಮ್ಮ ಮನಸ್ಸಿನಲ್ಲಿ ನಿಜಕ್ಕೂ ಇರುವುದು ಅದೇ ಆದರೆ, ಆರು ತಿಂಗಳು ಅಮ್ಮ, ಆಮೇಲೆ ಆರು ತಿಂಗಳು ಅತ್ತೆ ಅಂತ ಲೆಕ್ಕ ಹಾಕಿದ್ದರೆ, ಆ ಯೋಜನೆಯನ್ನೇ ಇನ್ನೊಮ್ಮೆ ಯೋಚಿಸಿ. ಪರ ಊರಿನಲ್ಲಿ, ಗಾಡಿ ಓಡಿಸಲು ಬಾರದ ಅವರಿಗೆ ಅದು ಬಹಳ ಉದ್ದದ ದಿನ.

ವೀಸಾ ಕೊಡಲಿಲ್ಲ. ಮತ್ತೆ ಯಾವಾಗ ಹಾಕಬಹುದು?

214(ಬಿ) ಅಂತ ಚೀಟಿ ಕೊಟ್ಟಿದ್ದರೆ ಮೇಲ್ಮನವಿ ಇಲ್ಲ. ಹೊಸ ಫಾರಂ, ಹೊಸ ಫೀಯೊಂದಿಗೆ ಯಾವಾಗ ಬೇಕಾದರೂ ಹಾಕಬಹುದು. ಕಾಯಲೇಬೇಕು ಅನ್ನುವ ಅವಧಿ ಇಲ್ಲ. ಆದರೆ ಅದೇ ಫಾರಂ, ಅದೇ ಉತ್ತರ ಇಟ್ಟುಕೊಂಡು ಮುಂದಿನ ವಾರವೇ ಹೋದರೆ ಫಲಿತಾಂಶವೂ ಅದೇ ಇರುತ್ತದೆ. ಕಿಟಕಿಯ ಮುಂದೆ ಏನು ಕೇಳಿದರು, ಏನು ಹೇಳಿದಿರಿ ಅಂತ ಅಂದೇ ಸಂಜೆ ಕೇಳಿ ಬರೆದಿಟ್ಟುಕೊಳ್ಳಿ. ದಯವಿಟ್ಟು ಬೈಯಬೇಡಿ. ನಮ್ಮಪ್ಪ ಆ ದಿನ ಫೋನಿನಲ್ಲಿ ಮೊದಲು ಹೇಳಿದ್ದು, "ನಿನ್ನ ದುಡ್ಡು ದಂಡ ಮಾಡಿಸಿದೆ ಕಣೋ." ತಪ್ಪು ನಾನು ಬರೆದ ಫಾರಂನಲ್ಲಿ ಇತ್ತು ಅಂತ ಅವರಿಗೆ ಅರ್ಥ ಮಾಡಿಸಲು ನನಗೆ ಎರಡು ದಿನ ಹಿಡಿಯಿತು.

221(ಜಿ) ಅಂತ ಚೀಟಿ ಬಂದಿದ್ದರೆ ಅದು ಬೇರೆ. ಇನ್ನೊಂದು ದಾಖಲೆ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಅಂತ ಅರ್ಥ. ಚೀಟಿಯಲ್ಲಿ ಹೇಳಿದಂತೆ ಮಾಡಿ.

ಹಳೆ ವೀಸಾ ಮುಗಿದಿದೆ. ಸಂದರ್ಶನ ಇಲ್ಲದೆ ಆಗುತ್ತಾ?

ಪೂರ್ತಿ ಅವಧಿಯ ಬಿ-2 ಮುಗಿದು 12 ತಿಂಗಳೊಳಗೆ ಇದ್ದರೆ, ಹಿಂದೆ ನಿರಾಕರಣೆಯ ತಕರಾರು ಇಲ್ಲದಿದ್ದರೆ, ತಮ್ಮ ದೇಶದಲ್ಲೇ ಅರ್ಜಿ ಹಾಕುವವರಿಗೆ ಸಂದರ್ಶನದ ವಿನಾಯಿತಿ ಸಿಗಬಹುದು. ಆದರೂ ಅಧಿಕಾರಿ ಬನ್ನಿ ಅಂದರೆ ಹೋಗಬೇಕು. ಹಿಂದೆ 79 ದಾಟಿದವರಿಗೆ ವಯಸ್ಸಿನ ಕಾರಣಕ್ಕೆ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದು ಹೋಯಿತು.

ವೀಸಾ ನಡೆಯುತ್ತಿದ್ದು ಪಾಸ್‌ಪೋರ್ಟ್ ಮಾತ್ರ ಹಳೆಯದಾಗಿದ್ದರೆ ಹೊಸ ವೀಸಾ ಬೇಡ. ಎರಡೂ ಪಾಸ್‌ಪೋರ್ಟ್ ಜೊತೆಗೆ ಒಯ್ದರೆ ಸಾಕು.

ಹೋದ ಮೇಲೆ ಎಷ್ಟು ದಿನ ಇರಬಹುದು?

ಅದನ್ನು ವೀಸಾ ಹೇಳುವುದಿಲ್ಲ. ವಿಮಾನ ಇಳಿದಾಗ ಅಲ್ಲಿನ ಅಧಿಕಾರಿ ಕೊಡುವ ದಿನಾಂಕ ಹೇಳುತ್ತದೆ. ಸಾಮಾನ್ಯವಾಗಿ ಆರು ತಿಂಗಳು. ಈ ದಾಖಲೆಗೆ ಐ-94 ಅಂತ ಹೆಸರು. ಅವರು ಮನೆಗೆ ಬಂದ ಮಾರನೇ ದಿನವೇ ಇಬ್ಬರದ್ದೂ ಆನ್‌ಲೈನ್‌ನಲ್ಲಿ ತೆಗೆದು ನೋಡಿ. ಹೆಸರು, ದಿನಾಂಕ ಸರಿ ಇದೆಯಾ ನೋಡಿ ಪ್ರಿಂಟ್ ಇಟ್ಟುಕೊಳ್ಳಿ. ಆ ದಿನಾಂಕ ಒಂದು ದಿನ ಮೀರಿದರೂ 10 ವರ್ಷದ ವೀಸಾ ರದ್ದಾಗುತ್ತದೆ. ಮೀರಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ 10 ವರ್ಷ ಮತ್ತೆ ಬಿಡುವುದಿಲ್ಲ.

ಕಾಯಿಲೆಯಂಥ ಕಾರಣಕ್ಕೆ ಇನ್ನಷ್ಟು ದಿನ ಬೇಕಾದರೆ ಐ-539 ಅರ್ಜಿ ಇದೆ. ಐ-94 ದಿನಾಂಕ ಮುಗಿಯುವ ಮುಂಚೆಯೇ ಹಾಕಬೇಕು. ಕನಿಷ್ಠ 45 ದಿನ ಮೊದಲು ಹಾಕುವುದು ಒಳ್ಳೆಯದು.

ಇನ್ಶೂರೆನ್ಸ್ ಕಡ್ಡಾಯವಾ?

ವೀಸಾಕ್ಕೆ ಕಡ್ಡಾಯವಲ್ಲ. ಆದರೆ ಅದಿಲ್ಲದೆ ವಿಮಾನ ಹತ್ತಿಸಬೇಡಿ. ಅಲ್ಲಿನ ಹಿರಿಯರಿಗಿರುವ ಮೆಡಿಕೇರ್ ಸಂದರ್ಶಕರಿಗೆ ಸಿಗುವುದಿಲ್ಲ. ಎಮರ್ಜೆನ್ಸಿ ಎಂದು ಹೋದರೆ ಆಸ್ಪತ್ರೆ ನೋಡಲೇಬೇಕು ಅಂತ 1986ರಿಂದ ಕಾನೂನು ಇದೆ, ಆದರೆ ಬಿಲ್ ನಿಮ್ಮ ಮನೆಗೇ ಬರುತ್ತದೆ. ಬಿಪಿ, ಶುಗರ್ ಇರುವವರಿಗೆ ಪಾಲಿಸಿ ಕೊಳ್ಳುವಾಗ ಹಳೆಯ ಕಾಯಿಲೆಗೆ ಏನು ಕೊಡುತ್ತಾರೆ ಅನ್ನುವ ಪುಟವನ್ನು ಓದಿ. ಹೆಚ್ಚಿನವು ಹಳೆ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. 70 ದಾಟಿದರೆ ಆ ಮಿತಿ ಇನ್ನೂ ಇಳಿಯುತ್ತದೆ.

ಮಾತ್ರೆಗಳನ್ನು ಡಾಕ್ಟರ್ ಚೀಟಿಯ ಜೊತೆ, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ, ಕೈಚೀಲದಲ್ಲಿ ಇಡಿಸಿ. ಪೆಟ್ಟಿಗೆ ಕಳೆದುಹೋದರೂ ಮಾತ್ರೆ ತಪ್ಪಬಾರದು.

ಅಮ್ಮ ಕರಿಬೇವು ತರುತ್ತೇನೆ ಅನ್ನುತ್ತಿದ್ದಾರೆ.

ಬೇಡ ಅನ್ನಿ. ಹಸಿ ಕರಿಬೇವಿಗೆ ನಿಷೇಧ ಇದೆ. ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳು ಮಾಡುವ ರೋಗದ ಕೀಟ ಅದರ ಜೊತೆ ಬರುತ್ತದೆ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ ಕೂಡ ಬೇಡ. ಉಳಿದ ತಿಂಡಿಗಳನ್ನು ಕೇಳಿದಾಗ ಇದೆ ಅಂತ ಹೇಳಿಬಿಡಲಿ. ಇದ್ದದ್ದನ್ನು ಇಲ್ಲ ಅಂದಾಗಲೇ ದಂಡ ಬೀಳುವುದು.

ಅಮ್ಮನಿಗೆ ಪಿಂಚಣಿ ಬರುತ್ತದೆ. ನವೆಂಬರ್‌ನಲ್ಲಿ ಅಲ್ಲೇ ಇದ್ದರೆ?

ಇದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ವರ್ಷ ನವೆಂಬರ್‌ನಲ್ಲಿ ಕೊಡುವ ಜೀವಂತ ಪ್ರಮಾಣ ಪತ್ರ ಕೊಡದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ಹೊರಡುವ ಮುಂಚೆಯೇ ಅಮ್ಮನ ಜೊತೆ ಬ್ಯಾಂಕಿಗೆ ಯಾರನ್ನಾದರೂ ಕಳಿಸಿ, ಹೊರದೇಶದಲ್ಲಿದ್ದರೆ ಯಾವ ರೀತಿಯ ಪತ್ರ ಒಪ್ಪುತ್ತಾರೆ ಅಂತ ಕೇಳಿಸಿ. ಅಮೆರಿಕದಲ್ಲಿರುವ ಭಾರತದ ಕಾನ್ಸುಲೇಟ್‌ಗಳೂ ಈ ಪತ್ರ ದೃಢೀಕರಿಸಿ ಕೊಡುತ್ತವೆ. ನಮ್ಮಮ್ಮ ಶಾಲೆಯಲ್ಲಿ ಟೀಚರ್ ಆಗಿದ್ದವರು. ಎರಡನೇ ಭೇಟಿಯಲ್ಲಿ ನವೆಂಬರ್ ಮಧ್ಯೆ ಬಂತು. ಪಿಂಚಣಿ ಪುಸ್ತಕ, ಪಾಸ್‌ಪೋರ್ಟ್, ಆಧಾರ್ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬಂದಿದ್ದರಿಂದ ಒಂದೇ ದಿನದಲ್ಲಿ ಕೆಲಸ ಮುಗಿಯಿತು.